ಎಫೆಸಸ್‌ನ ಎಕ್ಸ್‌ಪಾರ್ಟಿ ಡಿಕ್ರಿ

ಮೂವತ್ತನಾಲ್ಕು ವರ್ಷ ಕೋರ್ಟಿನ ಫೈಲುಗಳ ಧೂಳು ಕುಡಿದವನು ನಾನು. ಗುಮಾಸ್ತನಾಗಿ ಒಳಹೊಕ್ಕು ಶಿರಸ್ತೇದಾರನಾಗಿ ಹೊರಬಂದೆ. ಈ ಕೆಲಸ ಮಾಡಿದವರಿಗೆ ಒಂದು ಚಟ ಅಂಟುತ್ತದೆ. ಯಾವ ಫೈಲು ಕೈಗೆ ಬಂದರೂ ತೀರ್ಪನ್ನು ಮೊದಲು ಓದುವುದಿಲ್ಲ. ನೋಟಿಸು ಜಾರಿಯಾಗಿದೆಯೇ, ಯಾರ ಕೈಗೆ ಮುಟ್ಟಿದೆ, ವಾಯಿದೆ ಎಂದಿಗೆ ಇತ್ತು, ಕೂಗಿದಾಗ ಪ್ರತಿವಾದಿ ಹಾಜರಿದ್ದನೇ? ಇಷ್ಟು ನೋಡಿಕೊಂಡ ಮೇಲೆಯೇ ಕೊನೆಯ ಪುಟ.

ನಿವೃತ್ತಿಯ ನಂತರ ನನ್ನ ಕೈಗೆ ಬಿದ್ದ ಅತ್ಯಂತ ಹಳೆಯ ಫೈಲು ಕ್ರಿ.ಶ. 431ರದು. ಕೋರ್ಟು ಕೂತ ಊರು ಎಫೆಸಸ್, ಈಗಿನ ಟರ್ಕಿಯ ಪಶ್ಚಿಮ ಕರಾವಳಿ. ಪ್ರತಿವಾದಿಯ ಹೆಸರು ನೆಸ್ತೋರಿಯಸ್; ಹುದ್ದೆ, ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್. ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯ ಮಹಾಧರ್ಮಾಧ್ಯಕ್ಷ ಎಂದರೆ ಚಕ್ರವರ್ತಿಯ ಪಕ್ಕದ ಪೀಠ. ಆತನ ಮೇಲಿದ್ದ ಆರೋಪದ ಬುಡದಲ್ಲಿ ಇದ್ದದ್ದು ಒಂದೇ ಒಂದು ಶಬ್ದ.

ಈ ಫೈಲು ಹತ್ತಿದ್ದು ನಮ್ಮೂರಿನ ಹೆಸರಿನ ಬೆನ್ನು ಹತ್ತಿ. ನಮ್ಮದು ಉಡುಪಿಯ ಪಕ್ಕದ ಕಲ್ಯಾಣಪುರ, ಸುವರ್ಣಾ ನದಿಯ ದಂಡೆ. ಬೆಳಿಗ್ಗೆ ಎದ್ದರೆ ಮಿಲಾಗ್ರಿಸ್ ಇಗರ್ಜಿಯ ಗಂಟೆ ಕೇಳಿಸುತ್ತದೆ. ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ಅಲೆಕ್ಸಾಂಡ್ರಿಯದ ವ್ಯಾಪಾರಿ, ಆಮೇಲೆ ಸನ್ಯಾಸಿಯಾದವನು ಎನ್ನುತ್ತಾರೆ, ಗ್ರೀಕಿನಲ್ಲಿ ಒಂದು ಪುಸ್ತಕ ಬರೆದ. ಮೆಣಸು ಬೆಳೆಯುವ ಮಲೆ ಎಂಬ ಸೀಮೆಯಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನ ಎಂಬ ಊರಿನಲ್ಲಿ ಪರ್ಶಿಯದಿಂದ ದೀಕ್ಷೆ ಪಡೆದು ಬಂದ ಬಿಷಪ್ಪನೇ ಇದ್ದಾನೆ ಎಂದು ಅದರಲ್ಲಿದೆ. ಮಲೆ ಎಂದರೆ ಮಲಬಾರು, ಅದರಲ್ಲಿ ತಕರಾರಿಲ್ಲ. ಕಲ್ಲಿಯಾನ ಯಾವುದು? ನಮ್ಮ ಕಲ್ಯಾಣಪುರವೇ ಎಂದು ನಮ್ಮ ಕಡೆಯ ಕೆಲವರು ಎದೆ ತಟ್ಟಿ ಹೇಳುತ್ತಾರೆ. ಹೆಚ್ಚಿನ ವಿದ್ವಾಂಸರು ಮುಂಬೈ ಬಳಿಯ ಕಲ್ಯಾಣಕ್ಕೆ ಬೆರಳು ತೋರಿಸುತ್ತಾರೆ. ಊರ ಅಭಿಮಾನ ಬದಿಗಿಟ್ಟರೆ ಅವರ ಮಾತೇ ಹೆಚ್ಚು ಗಟ್ಟಿ. ಆದರೆ ನಾನು ಆ ಜಗಳದಲ್ಲಿ ನಿಲ್ಲಲಿಲ್ಲ, ಇನ್ನೊಂದು ಪ್ರಶ್ನೆ ನನ್ನನ್ನು ಎಳೆದುಕೊಂಡು ಹೋಯಿತು. ಪರ್ಶಿಯದ ಆ ಚರ್ಚನ್ನು ಹೊರಗಿನವರೆಲ್ಲ ‘ನೆಸ್ತೋರಿಯನ್’ ಎಂದು ಕರೆದರು, ಅದೂ ಬೈಗುಳದ ಹಾಗೆ. ಒಬ್ಬ ಮನುಷ್ಯನ ಹೆಸರು ಬೈಗುಳವಾಗಬೇಕಾದರೆ ಆತ ಏನು ಮಾಡಿರಬೇಕು?

ಆತ ಹುಟ್ಟಿದ್ದು 380ರ ದಶಕದಲ್ಲಿ, ಜರ್ಮಾನಿಕಿಯದಲ್ಲಿ. ಇಂದು ಅದು ಟರ್ಕಿಯ ಕಹ್ರಮಾನ್‌ಮರಾಶ್. ಅಂತಿಯೋಕ್ಯ ನಗರದ ಹೊರಗಿನ ಮಠವೊಂದರಲ್ಲಿ ಸನ್ಯಾಸಿಯಾದ. ಒಳ್ಳೆಯ ಕಂಠ, ಒಳ್ಳೆಯ ವಾಗ್ಝರಿ. ಪ್ರಸಂಗಕ್ಕೆ ನಿಂತರೆ ಜನ ಸೇರುತ್ತಿದ್ದರು. 427ರ ಕೊನೆಗೆ ರಾಜಧಾನಿಯ ಪೀಠ ಖಾಲಿಯಾಯಿತು. ಅಲ್ಲಿನ ಪಾದ್ರಿಗಳಲ್ಲಿ ಒಬ್ಬರಿಗೊಬ್ಬರು ಕಾಲೆಳೆಯುವ ಪೈಪೋಟಿ. ಇವರ ಸಹವಾಸವೇ ಬೇಡವೆಂದು ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ಅಂತಿಯೋಕ್ಯದಿಂದ ಇವನನ್ನು ಕರೆಸಿದ. ಮೂವತ್ತು ವರ್ಷ ಹಿಂದೆ ಅದೇ ಅಂತಿಯೋಕ್ಯದಿಂದ ಜಾನ್ ಕ್ರಿಸೊಸ್ತೊಮ್ ಎಂಬ ಮಹಾ ವಾಗ್ಮಿ ಬಂದಿದ್ದ. ಜನರಿಗೆ ಇವನೂ ಹಾಗೆಯೇ ಎಂಬ ಆಸೆ. ಜಾನ್ ಪೀಠ ಕಳೆದುಕೊಂಡು ಗಡಿಪಾರಿನಲ್ಲಿ ಸತ್ತದ್ದು ಆ ಹೊತ್ತಿಗೆ ಯಾರಿಗೆ ನೆನಪಿತ್ತೋ!

428ರ ಏಪ್ರಿಲ್ 10ರಂದು ಪೀಠವೇರಿದ. ಮೊದಲ ಪ್ರಸಂಗದಲ್ಲೇ ಚಕ್ರವರ್ತಿಗೆ ಒಂದು ವ್ಯಾಪಾರ ಮುಂದಿಟ್ಟ: ನೀನು ಪಾಷಂಡಿಗಳಿಲ್ಲದ ನೆಲ ಕೊಡು, ನಾನು ನಿನಗೆ ಸ್ವರ್ಗ ಕೊಡುತ್ತೇನೆ ಎಂಬ ಅರ್ಥದ ಮಾತು. ಐದನೆಯ ದಿನವೇ, ಪಾಷಂಡಿಗಳೆನಿಸಿದ್ದ ಆರಿಯನ್ ಪಂಥದವರ ಪ್ರಾರ್ಥನಾ ಮಂದಿರ ಕೆಡವಲು ಹೊರಟ. ಅವರು ಹತಾಶರಾಗಿ ತಮ್ಮ ಮಂದಿರಕ್ಕೆ ತಾವೇ ಬೆಂಕಿ ಇಟ್ಟರು. ಕಿಡಿ ಅಕ್ಕಪಕ್ಕದ ಕಟ್ಟಡಗಳಿಗೂ ಹಬ್ಬಿತು. ಊರು ಹೊಸ ಧರ್ಮಾಧ್ಯಕ್ಷನಿಗೆ ‘ಕೊಳ್ಳಿ’ ಎಂಬ ಅಡ್ಡಹೆಸರು ಇಟ್ಟಿತು. ಮೇ 30ಕ್ಕೆ ಪಾಷಂಡಿಗಳ ವಿರುದ್ಧ ಕಟುವಾದ ಕಾನೂನೇ ಹೊರಬಿತ್ತು. ಮಿಲೇತಸ್, ಸಾರ್ಡಿಸ್ ಊರುಗಳ ಗಲಭೆಯಲ್ಲಿ ಜೀವಗಳು ಹೋದವು.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಈ ಮನುಷ್ಯನಿಗೆ ಆದ ಅನ್ಯಾಯ ಓದುವಾಗ ಕಣ್ಣು ಒದ್ದೆಯಾಗುವ ಸಂಭವವಿದೆ. ಕರವಸ್ತ್ರ ತೆಗೆಯುವ ಮೊದಲು ಆ ಮಂದಿರದ ಬೂದಿಯನ್ನು ನೆನಪಿಡಿ. ಎದುರಾಳಿಯ ಮಾತು ಕೇಳದೆ ಆತನನ್ನು ಮುಗಿಸುವ ವಿದ್ಯೆಯನ್ನು ನೆಸ್ತೋರಿಯಸ್ ಬಲ್ಲವನಾಗಿದ್ದ. ಅದು ತನ್ನ ಮೇಲೂ ಪ್ರಯೋಗವಾದೀತು ಎಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಶಬ್ದದ ವಿಷಯಕ್ಕೆ ಬರೋಣ. ರಾಜಧಾನಿಯ ಜನ ಯೇಸುವಿನ ತಾಯಿ ಮರಿಯಳನ್ನು ‘ಥಿಯೊಟೋಕೋಸ್’ ಎನ್ನುತ್ತಿದ್ದರು. ‘ಥಿಯೋಸ್’ ಎಂದರೆ ದೇವರು. ಒಟ್ಟು ಶಬ್ದಕ್ಕೆ ದೇವರನ್ನು ಹೆತ್ತವಳು ಎಂದು ಅರ್ಥ. ನಮ್ಮ ನೆರೆಮನೆಯ ಬಾಯಮ್ಮ ಮರಿಯಳ ಹಬ್ಬವಾದ ಮೊಂತಿ ಫೆಸ್ತಿನ ದಿನ ಹೂವಿನ ತಟ್ಟೆ ಹಿಡಿದು ಹೊರಟಾಗ ‘ದೇವಮಾತೆ’ ಎನ್ನುತ್ತಾರಲ್ಲ, ಅದೇ. ನೆಸ್ತೋರಿಯಸ್‌ನ ಜೊತೆ ಅಂತಿಯೋಕ್ಯದಿಂದ ಬಂದಿದ್ದ ಅನಸ್ತಾಸಿಯಸ್ ಎಂಬ ಪಾದ್ರಿ ಒಂದು ದಿನ ವೇದಿಕೆಯಿಂದಲೇ ಆ ಶಬ್ದ ಬಳಸಬೇಡಿ ಎಂದ: ಮರಿಯ ಮನುಷ್ಯಳು, ಮನುಷ್ಯಳ ಹೊಟ್ಟೆಯಲ್ಲಿ ದೇವರು ಹುಟ್ಟುವುದುಂಟೇ? ಇಗರ್ಜಿಯಲ್ಲಿ ಗಲಾಟೆಯಾಯಿತು. ನೆಸ್ತೋರಿಯಸ್ ತನ್ನ ಪಾದ್ರಿಯನ್ನು ಬಿಟ್ಟುಕೊಡಲಿಲ್ಲ. ದೇವರನ್ನು ಹೆತ್ತವಳು ಎನ್ನುವವರಿಗೂ ಮನುಷ್ಯನನ್ನು ಹೆತ್ತವಳು ಎನ್ನುವವರಿಗೂ ನಡುವೆ ಒಂದು ರಾಜಿ ಸೂತ್ರ ತಂದ. ‘ಕ್ರಿಸ್ತೊಟೋಕೋಸ್’ ಎನ್ನಿ, ಕ್ರಿಸ್ತನನ್ನು ಹೆತ್ತವಳು. ಕ್ರಿಸ್ತನಲ್ಲಿ ದೇವರೂ ಇದ್ದಾನೆ, ಮನುಷ್ಯನೂ ಇದ್ದಾನೆ, ಯಾರಿಗೂ ತಕರಾರು ಬೇಡ.

ರಾಜಿ ಸೂತ್ರ ತಂದವನೇ ಎರಡು ಕಡೆಯಿಂದಲೂ ಪೆಟ್ಟು ತಿನ್ನುವುದು ನಾನು ಕೋರ್ಟಿನ ಜಗಲಿಯಲ್ಲಿ ಎಷ್ಟೋ ಸಲ ಕಂಡದ್ದು.

ಇಷ್ಟಕ್ಕೆ ಇಷ್ಟು ಗದ್ದಲವೇ ಎಂದು ನಮಗೆ ಅನಿಸಬಹುದು. ಉಡುಪಿಯಲ್ಲಿ ನಾವು ನಿತ್ಯ ನೋಡುವ ದೇವರು ಕೈಯಲ್ಲಿ ಕಡೆಗೋಲು ಹಿಡಿದ ಬಾಲಕ. ದೇವರು ಮಗುವಾಗಿ ಬೆಣ್ಣೆ ಕೇಳುವುದರಲ್ಲಿ ನಮಗೆ ತೊಡಕು ಕಾಣುವುದಿಲ್ಲ. ಗ್ರೀಕ್ ತರ್ಕ ಕಲಿತ ಬಿಷಪರಿಗೆ ತೊಡಕು ದೊಡ್ಡದು. ದೇವರು ಅನಾದಿ, ನೋವಿಲ್ಲದವನು, ಸಾವಿಲ್ಲದವನು. ಆತ ಹುಟ್ಟಿದ, ಹಾಲು ಕುಡಿದ, ಶಿಲುಬೆಯಲ್ಲಿ ಸತ್ತ ಎಂದರೆ ದೇವರ ದೇವತ್ವಕ್ಕೇ ಕುಂದು. ಹಾಗಾಗಿ ಹುಟ್ಟಿದ್ದೂ ಸತ್ತದ್ದೂ ಆ ಮನುಷ್ಯತ್ವ, ದೇವರು ಗುಡಿಯಲ್ಲಿ ನೆಲೆಸಿದಂತೆ ಅದರಲ್ಲಿ ನೆಲೆಸಿದ್ದ ಎಂದು ಅಂತಿಯೋಕ್ಯದ ಶಾಲೆ ಕಲಿಸುತ್ತಿತ್ತು. ಎದುರು ಪಕ್ಷದ ಪ್ರಶ್ನೆಯೂ ಹಗುರವಲ್ಲ: ಹಾಗಾದರೆ ಶಿಲುಬೆಯ ಮೇಲೆ ನಮಗಾಗಿ ಸತ್ತವನು ಯಾರು? ಬರೀ ಮನುಷ್ಯನೇ? ಮನುಷ್ಯನ ಸಾವು ಇನ್ನೊಬ್ಬ ಮನುಷ್ಯನನ್ನು ಉಳಿಸುತ್ತದೆಯೇ? ಈ ಪ್ರಶ್ನೆಗೆ ನೆಸ್ತೋರಿಯಸ್ ಕೊಟ್ಟ ಉತ್ತರ ಉದ್ದವಾಗಿತ್ತು, ಸುತ್ತುಬಳಸಾಗಿತ್ತು. ಬೀದಿಯಲ್ಲಿ ಉದ್ದದ ಉತ್ತರ ನಿಲ್ಲುವುದಿಲ್ಲ.

ಆತನಿಗೆ ಶತ್ರುಗಳನ್ನು ಮಾಡಿಕೊಳ್ಳುವ ಕಲೆಯೂ ಒಲಿದಿತ್ತು. ಚಕ್ರವರ್ತಿಯ ಅಕ್ಕ ಪುಲ್ಕೇರಿಯಾ ಕನ್ಯಾವ್ರತ ತೊಟ್ಟ ಸಾಮ್ರಾಜ್ಞಿ, ಮರಿಯಳ ಭಕ್ತೆ. ಅರಮನೆಯ ನಿಜವಾದ ಬೀಗದಕೈ ಅವಳ ಸೆರಗಿನಲ್ಲಿತ್ತು. ಗರ್ಭಗುಡಿಯ ಒಳಗೆ ನಿಂತು ಪ್ರಸಾದ ಸ್ವೀಕರಿಸುತ್ತಿದ್ದ ಅವಳನ್ನು ಈತ ತಡೆದನೆಂಬ ಕತೆಯಿದೆ. ಅದು ಪೂರ್ತಿ ನಿಜವಿರಲಿ, ಅರ್ಧ ನಿಜವಿರಲಿ, ಇಬ್ಬರಿಗೂ ಆಗುತ್ತಿರಲಿಲ್ಲ ಎಂಬುದಂತೂ ನಿಜ. ಇನ್ನು ರೋಮಿನ ಪೋಪ್ ಸೆಲೆಸ್ಟೀನ್ ಶಿಕ್ಷಿಸಿ ಹೊರಹಾಕಿದ್ದ ಕೆಲವರು ರಾಜಧಾನಿಗೆ ಬಂದು ಆಶ್ರಯ ಕೇಳಿದರು. ಇವರ ತಪ್ಪೇನು ಎಂದು ಈತ ರೋಮಿಗೇ ಪತ್ರ ಬರೆದು ವಿಚಾರಿಸಿದ! ಬರೆದದ್ದು ಗ್ರೀಕಿನಲ್ಲಿ, ಅಲ್ಲಿ ಲ್ಯಾಟಿನ್ನಿಗೆ ತಿರುಗಿಸಬೇಕು. ರೋಮಿನ ಉತ್ತರ ಬರಲೇ ಇಲ್ಲ. ಬಂದದ್ದು ಆಮೇಲೆ ತೀರ್ಪು.

ನಿಜವಾದ ಎದುರಾಳಿ ಈಜಿಪ್ಟಿನಲ್ಲಿದ್ದ: ಅಲೆಕ್ಸಾಂಡ್ರಿಯದ ಪೇಟ್ರಿಯಾರ್ಕ್ ಸಿರಿಲ್. 412ರಿಂದ ಪೀಠದಲ್ಲಿದ್ದವನು. ಮೊನಚು ಬುದ್ಧಿ, ಉಕ್ಕಿನ ಕೈ. ಜಾನ್ ಕ್ರಿಸೊಸ್ತೊಮ್‌ನನ್ನು 403ರಲ್ಲಿ ಪೀಠದಿಂದ ಇಳಿಸಿದವನು ಇವನ ಸ್ವಂತ ಸೋದರಮಾವ ಥಿಯೊಫಿಲಸ್; ಯುವಕ ಸಿರಿಲ್ ಆ ವಿಚಾರಣೆಗೆ ಜೊತೆಯಲ್ಲಿ ಹೋಗಿದ್ದ. ಕಸುಬು ಕಲಿತದ್ದು ಅಲ್ಲೇ ಎನ್ನಬೇಕು. ಅಲೆಕ್ಸಾಂಡ್ರಿಯ ಹಳೆಯ ಪೀಠ. ಕಾನ್‌ಸ್ಟಾಂಟಿನೋಪಲ್ ನಿನ್ನೆ ಮೊನ್ನೆಯ ಊರು, ರಾಜಧಾನಿ ಎಂಬ ಕಾರಣಕ್ಕೆ ಮೇಲೆ ಕೂತದ್ದು. ಆ ಹೊಟ್ಟೆಯುರಿಯೂ ಇತ್ತು. ಹಾಗೆಂದು ಎಲ್ಲವೂ ಹೊಟ್ಟೆಯುರಿ ಎನ್ನಲಾರೆ. ದೇವರೂ ಮನುಷ್ಯನೂ ಒಬ್ಬನೇ ಕ್ರಿಸ್ತ ಎಂಬುದು ಸಿರಿಲ್‌ಗೆ ಉಸಿರಿನಷ್ಟೇ ಸತ್ಯವಾಗಿತ್ತು. ಅವನ ಬರಹ ಓದಿದರೆ ಅದು ನಟನೆಯಲ್ಲ ಎಂದು ತಿಳಿಯುತ್ತದೆ.

ಪತ್ರಗಳು ಓಡಾಡಿದವು. 430ರ ಆಗಸ್ಟಿನಲ್ಲಿ ಪೋಪ್ ಸಭೆ ಕೂಡಿಸಿ ನೆಸ್ತೋರಿಯಸ್‌ನ ಬೋಧನೆ ತಪ್ಪೆಂದು ತೀರ್ಮಾನಿಸಿದ. ನೋಟಿಸು ಮುಟ್ಟಿದ ಹತ್ತು ದಿನದೊಳಗೆ ಮಾತು ಹಿಂತೆಗೆಯದಿದ್ದರೆ ಪೀಠಭ್ರಷ್ಟ. ಜಾರಿಯ ಹೊಣೆ ಯಾರಿಗೆ? ಸಿರಿಲ್‌ಗೆ! ಫಿರ್ಯಾದಿಯ ಕೈಗೇ ಅಮೀನನ ಚೀಲ. ಸಿರಿಲ್ ಅದಕ್ಕೆ ತನ್ನದೂ ಸೇರಿಸಿದ. ಹನ್ನೆರಡು ಶಾಪವಾಕ್ಯಗಳ ಪಟ್ಟಿ ಬರೆದು, ಇದಕ್ಕೂ ಸಹಿ ಹಾಕು ಎಂದ. ಆ ಹನ್ನೆರಡನ್ನು ನೋಡಿ ಅಂತಿಯೋಕ್ಯದ ಕಡೆಯ ಸಮಾಧಾನದ ಬಿಷಪರೂ ಕೆರಳಿದರು. ಅಷ್ಟರಲ್ಲಿ ಚಕ್ರವರ್ತಿ ನವೆಂಬರ್ 19ರಂದು ಆಜ್ಞೆ ಹೊರಡಿಸಿ, ಬಿಷಪರು ಮುಂದಿನ ಜೂನ್ 7ಕ್ಕೆ ಎಫೆಸಸ್‌ನಲ್ಲಿ ಸೇರಿ, ಅಲ್ಲಿಯವರೆಗೆ ಯಾರೂ ಏನೂ ಮಾಡಬೇಡಿ ಎಂದ. ತಡೆಯಾಜ್ಞೆ ಮೊದಲು ಬಂತು, ಸಿರಿಲ್‌ನ ನೋಟಿಸು ಆಮೇಲೆ ಮುಟ್ಟಿತು. ಫೈಲಿನ ಈ ಪುಟದಲ್ಲಿ ನಾನು ಬಹಳ ಹೊತ್ತು ನಿಂತೆ.

ಊರಿನ ಆಯ್ಕೆ ನೋಡಿ. ಎಫೆಸಸ್‌ನಲ್ಲಿ ಮರಿಯಳ ಹೆಸರಿನದೇ ಇಗರ್ಜಿ. ಅದರ ಪಾಳು ಗೋಡೆಗಳು ಇಂದಿಗೂ ಇವೆ. ಅಲ್ಲಿನ ಬಿಷಪ್ ಮೆಮ್ನನ್ ಸಿರಿಲ್‌ನ ಕಡೆಯವನು. ಸಿರಿಲ್ ಈಜಿಪ್ಟಿನಿಂದ ಸುಮಾರು ಐವತ್ತು ಬಿಷಪರನ್ನು ಹಡಗಿನಲ್ಲಿ ತುಂಬಿಸಿಕೊಂಡು ಬಂದ. ಜೊತೆಗೆ ಗಟ್ಟಿ ತೋಳಿನ ಸೇವಕರು. ನೆಸ್ತೋರಿಯಸ್ ಕೆಲವೇ ಬಿಷಪರೊಂದಿಗೆ ಬಂದ. ಅವನ ಬಲ ಇದ್ದದ್ದು ಅಂತಿಯೋಕ್ಯದ ಜಾನ್ ಮತ್ತು ಆತನ ಸಿರಿಯದ ಬಿಷಪರಲ್ಲಿ. ಅವರೋ ನೆಲದ ದಾರಿಯಲ್ಲಿ ಬರುತ್ತಿದ್ದರು. ದಾರಿಯಲ್ಲಿ ಕುದುರೆಗಳು ಸತ್ತವು. ಜೂನ್ 7 ದಾಟಿತು. ಬಿಸಿಲು. ಎಫೆಸಸ್‌ನಲ್ಲಿ ಕೆಲವು ಬಿಷಪರು ಕಾಯಿಲೆ ಬಿದ್ದರು, ಸತ್ತವರೂ ಇದ್ದಾರೆ. ಹದಿನೈದು ದಿನ ಕಾದ ಮೇಲೆ ಸಿರಿಲ್ ಇನ್ನು ಕಾಯುವುದಿಲ್ಲ ಎಂದ. ಮುಂದಾಗಿ ಬಂದಿದ್ದ ಜಾನ್‌ನ ಇಬ್ಬರು ಬಿಷಪರು, ತಡವಾದರೆ ನಿಮ್ಮ ಕೆಲಸ ನಡೆಸಿ ಎಂದು ಜಾನ್ ಹೇಳಿದ್ದಾನೆ ಎಂದರಂತೆ. ಆ ‘ಅಂತೆ’ಯ ಮೇಲೆ ಇಡೀ ವಿಚಾರಣೆ ನಿಂತಿತು. 68 ಬಿಷಪರು ಬರವಣಿಗೆಯಲ್ಲಿ ಆಕ್ಷೇಪ ಸಲ್ಲಿಸಿದರು. ಕೇಳುವವರಿಲ್ಲ.

431ರ ಜೂನ್ 22, ಸೋಮವಾರ. ಮರಿಯಳ ಇಗರ್ಜಿ. ನಡುವೆ ಸುವಾರ್ತೆಯ ಗ್ರಂಥವನ್ನು ಪೀಠದ ಮೇಲಿಟ್ಟಿದ್ದರು, ಕ್ರಿಸ್ತನೇ ಅಧ್ಯಕ್ಷ ಎಂಬ ಸಂಕೇತ. ಕಾರ್ಯತಃ ಅಧ್ಯಕ್ಷ ಸಿರಿಲ್. ನೂರೈವತ್ತಕ್ಕೂ ಮಿಕ್ಕಿ ಬಿಷಪರು. ಚಕ್ರವರ್ತಿಯ ಪ್ರತಿನಿಧಿ ಕ್ಯಾಂಡಿಡಿಯನ್ ಓಡೋಡಿ ಬಂದು, ಎಲ್ಲರೂ ಬರುವ ತನಕ ನಡೆಸುವಂತಿಲ್ಲ ಎಂದ. ಚಕ್ರವರ್ತಿಯ ಆಜ್ಞೆ ಏನಿದೆ, ಓದಿ ತೋರಿಸು ಎಂದರು ಬಿಷಪರು. ಪಾಪ, ಆತ ಓದಿದ. ಆಜ್ಞೆ ಓದಿದ ಮೇಲೆ ಸಭೆ ವಿಧಿವತ್ತಾಗಿ ಆರಂಭವಾದಂತೆಯೇ ಲೆಕ್ಕ! ಎಂಥ ಪಳಗಿದ ವಕೀಲನೂ ತಲೆದೂಗಬೇಕಾದ ಪಟ್ಟು. ಓದಿಸಿಕೊಂಡು ಅವನನ್ನು ಹೊರಗೆ ಕಳಿಸಿದರು.

ಪ್ರತಿವಾದಿಯನ್ನು ಮೂರು ಸಲ ಕರೆಯಬೇಕೆಂಬ ಕಟ್ಟಳೆ ಇತ್ತು. ಹಿಂದಿನ ದಿನ ಒಂದು ಕರೆ. ನೋಡುತ್ತೇನೆ ಎಂಬ ಉತ್ತರ ಬಂತು. ಆ ಬೆಳಿಗ್ಗೆ ಎರಡನೆಯದು. ಎಲ್ಲ ಬಿಷಪರು ಸೇರಿದ ಮೇಲೆ ಬರುತ್ತೇನೆ ಎಂದ. ಮೂರನೆಯ ಸಲ ಹೋದವರನ್ನು ಮನೆಯ ಮುಂದೆ ದೊಣ್ಣೆ ಹಿಡಿದ ಸೈನಿಕರು ಒಳಗೆ ಬಿಡಲಿಲ್ಲ. ಕಡತದಲ್ಲಿ ಮೂರು ಕರೆಯೂ ದಾಖಲಾಯಿತು. ಎರಡು ದಿನದೊಳಗೆ ಮೂರು ಕರೆ! ನಮ್ಮಲ್ಲಿ ಬಾಡಿಗೆ ದಾವೆಗೂ ಇದಕ್ಕಿಂತ ಹೆಚ್ಚು ವಾಯಿದೆ ಸಿಗುತ್ತದೆ.

ಮುಂದಿನದು ಸರಾಗ. ಹಳೆಯ ನಿಕೇಯ ಸಭೆಯ ವಿಶ್ವಾಸ ಸೂತ್ರ ಓದಿದರು. ಸಿರಿಲ್ ನೆಸ್ತೋರಿಯಸ್‌ಗೆ ಬರೆದ ಪತ್ರ ಓದಿ, ಇದು ಸೂತ್ರಕ್ಕೆ ಸರಿಯಿದೆಯೇ ಎಂದು ಒಬ್ಬೊಬ್ಬ ಬಿಷಪ್ಪನನ್ನೂ ಕೇಳಿದರು. ಸರಿ ಎಂದರು. ನೆಸ್ತೋರಿಯಸ್‌ನ ಉತ್ತರ ಓದಿದರು, ತಪ್ಪು ಎಂದರು. ಸಾಕ್ಷಿಗಳೂ ಇದ್ದರು. ಎರಡು ತಿಂಗಳ, ಮೂರು ತಿಂಗಳ ಕೂಸನ್ನು ದೇವರೆನ್ನಲಾರೆ ಎಂಬರ್ಥದ ಮಾತನ್ನು ಆತ ಎಫೆಸಸ್‌ನಲ್ಲೇ ಆಡಿದನೆಂದು ಆಂಕಿರದ ಥಿಯೊಡೋಟಸ್ ಹೇಳಿದ. ಊಟದ ಮನೆಯ ಮಾತೋ, ವಾದದ ಬಿಸಿಯೋ, ಪಾಟೀಸವಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಕತ್ತಲಾಗುವ ಮೊದಲು ತೀರ್ಪು ಬಂತು: ಪೀಠದಿಂದಲೂ ಪೌರೋಹಿತ್ಯದಿಂದಲೂ ವಜಾ. ಮರುದಿನ ಅವನಿಗೆ ಕಳಿಸಿದ ಪತ್ರದಲ್ಲಿ, ಯೇಸುವಿಗೆ ದ್ರೋಹ ಬಗೆದವನ ಹೆಸರಿನಿಂದ, ಹೊಸ ಯೂದನೆಂದೇ ಸಂಬೋಧನೆ. ಆ ರಾತ್ರಿ ಬಿಷಪರು ಹೊರಬಂದಾಗ ಊರ ಜನ ಪಂಜು ಹಿಡಿದು, ಹೆಂಗಸರು ಧೂಪ ಹಾಕುತ್ತ, ಬಿಡಾರದ ತನಕ ಮೆರವಣಿಗೆಯಲ್ಲಿ ಕರೆದುಕೊಂಡು ಹೋದರು.

ನನ್ನ ನೌಕರಿಯ ಮೊದಲ ವರ್ಷಗಳಲ್ಲಿ, ಊರಿನ ಹೆಸರು ಬೇಡ, ಒಂದು ಕೋರ್ಟಿನಲ್ಲಿ ಒಬ್ಬ ಗೇಣಿದಾರನ ಮೇಲೆ ಎಕ್ಸ್‌ಪಾರ್ಟಿ ಡಿಕ್ರಿ, ಎಂದರೆ ಪ್ರತಿವಾದಿಯ ಗೈರುಹಾಜರಿಯಲ್ಲೇ ತೀರ್ಪು, ಆಯಿತು. ನೋಟಿಸು ಅಂಟಿಸಿದ್ದು ಆತನ ಮನೆಯ ಬಾಗಿಲಿಗಲ್ಲ, ಅದೇ ಹೆಸರಿನ ಇನ್ನೊಬ್ಬನ ಬಾಗಿಲಿಗೆ. ಆತ ಬಂದಾಗ ಫೈಲು ಕಟ್ಟಿ ದಾಸ್ತಾನಿಗೆ ಹೋಗಿತ್ತು. ನಕಲು ತೆಗೆದು ಕೊಟ್ಟವನು ನಾನು. ಆ ನಕಲನ್ನು ಆತ ಓದಲಿಲ್ಲ, ಓದಲು ಬರುತ್ತಿರಲಿಲ್ಲ. ಮಡಚಿ ಎದೆಯ ಕಿಸೆಯಲ್ಲಿಟ್ಟುಕೊಂಡು ಬಾಗಿಲ ಬಳಿ ಸಂಜೆಯ ತನಕ ನಿಂತಿದ್ದ. ಅವನ ಪಕ್ಷ ನ್ಯಾಯವಾಗಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. ಕೇಳಿದವರೇ ಇಲ್ಲ.

ಎಫೆಸಸ್‌ಗೆ ವಾಪಸು. ನಾಲ್ಕು ದಿನ ಕಳೆದು ಜೂನ್ 26ಕ್ಕೆ ಅಂತಿಯೋಕ್ಯದ ಜಾನ್ ಬಂದ. ದಾರಿಯ ಧೂಳು ಕೊಡವುವ ಮೊದಲೇ ಬಿಡಾರದಲ್ಲಿ ಸುಮಾರು ನಲವತ್ತು ಬಿಷಪರ ಸಭೆ ಕೂಡಿಸಿ ಸಿರಿಲ್‌ನನ್ನೂ ಮೆಮ್ನನ್‌ನನ್ನೂ ವಜಾ ಮಾಡಿದ. ಅವರಿಗೆ ಒಂದು ಕರೆಯನ್ನೂ ಕಳಿಸಲಿಲ್ಲ. ನ್ಯಾಯ ಕೇಳಲು ಬಂದವರು ಕಲಿತದ್ದು ಇಷ್ಟು. ಜುಲೈಯಲ್ಲಿ ಬಂದ ಪೋಪನ ಪ್ರತಿನಿಧಿಗಳು ಸಿರಿಲ್‌ನ ತೀರ್ಪಿಗೆ ಮುದ್ರೆ ಒತ್ತಿದರು. ಚಕ್ರವರ್ತಿ ತಲೆಕೆಟ್ಟು, ಮೂವರ ವಜಾವನ್ನೂ ಒಪ್ಪಿ, ಮೂವರನ್ನೂ ಕಾವಲಿನಲ್ಲಿಟ್ಟ.

ಇಲ್ಲಿಂದ ಆಟ ರಾಜಧಾನಿಗೆ ಹೋಯಿತು. ದಾರಿಯಲ್ಲೆಲ್ಲ ತಪಾಸಣೆ ಇದ್ದುದರಿಂದ ಸಿರಿಲ್‌ನ ಕಡೆಯವರ ಪತ್ರವೊಂದು ಭಿಕ್ಷುಕನ ಟೊಳ್ಳು ಕೋಲಿನೊಳಗೆ ಅಡಗಿ ಊರು ಸೇರಿತು. ಅದನ್ನೋದಿ ದಾಲ್ಮಾಟಿಯಸ್ ಎಂಬ ವೃದ್ಧ ಸನ್ಯಾಸಿ, ದಶಕಗಳಿಂದ ತನ್ನ ಕೋಣೆ ಬಿಟ್ಟು ಬಾರದವನು, ಸನ್ಯಾಸಿಗಳ ಮೆರವಣಿಗೆ ಕಟ್ಟಿಕೊಂಡು ಅರಮನೆಗೆ ನಡೆದ. ಇನ್ನೊಂದು ಕಡೆ ಅಲೆಕ್ಸಾಂಡ್ರಿಯದ ಖಜಾನೆ ಬರಿದಾಗುತ್ತಿತ್ತು. ಅರಮನೆಯ ಯಾವ ಅಧಿಕಾರಿಗೆ ಏನು ಕಳಿಸಬೇಕೆಂಬ ಪಟ್ಟಿ ಇಂದಿಗೂ ಉಳಿದಿದೆ: ರತ್ನಗಂಬಳಿಗಳು, ಪರದೆಗಳು, ದಂತದ ಕುರ್ಚಿಗಳು, ಚಿನ್ನ. ಇದಕ್ಕಾಗಿ ಅಲೆಕ್ಸಾಂಡ್ರಿಯದ ಪಾದ್ರಿಗಳು 1,500 ಪೌಂಡು ಚಿನ್ನ ಸಾಲ ಮಾಡಿದ್ದರು. ರೋಮನ್ ತೂಕದಲ್ಲಿ ಹಿಡಿದರೂ ಸುಮಾರು 490 ಕಿಲೋ. ಆ ಕಾಲದಲ್ಲಿ ಇದನ್ನು ಕಾಣಿಕೆ ಎನ್ನುತ್ತಿದ್ದರು. ಕೋರ್ಟಿನ ಹೊರಗೆ ನಾವು ಇಟ್ಟ ಹೆಸರು ಬೇರೆ.

ಆದರೆ ಆಟ ಮುಗಿಯುವ ಮೊದಲೇ ನೆಸ್ತೋರಿಯಸ್ ಎದ್ದು ಹೋಗಿದ್ದ. ಬೇಸರ ಹತ್ತಿ, ನನ್ನ ಮಠಕ್ಕೆ ಮರಳಲು ಬಿಡಿ ಎಂದು ಬರೆದಿದ್ದ. ಅರಮನೆ ತಕ್ಷಣ ಒಪ್ಪಿತು, ಪ್ರಯಾಣದ ಖರ್ಚೂ ಕೊಟ್ಟಿತು. ಹಳೆಯ ಅನುಭವದ ಮೇಲೆ ಹೇಳುತ್ತೇನೆ, ಪ್ರತಿವಾದಿ ಮಾಡಬಾರದ ಕೆಲಸ ಇದೇ. ಆತ ಹೋದ ಮೇಲೆ ಸಿರಿಲ್ ಅಕ್ಟೋಬರ್ ಕೊನೆಗೆ ಅಲೆಕ್ಸಾಂಡ್ರಿಯಕ್ಕೆ ಗೆದ್ದವನಂತೆ ಮರಳಿದ. 433ರಲ್ಲಿ ಅಂತಿಯೋಕ್ಯದ ಜಾನ್ ಸಿರಿಲ್‌ನೊಂದಿಗೆ ರಾಜಿ ಪತ್ರಕ್ಕೆ ಸಹಿ ಹಾಕಿದ. ರಾಜಿಯ ಬೆಲೆ, ಗೆಳೆಯ ನೆಸ್ತೋರಿಯಸ್‌ನ ವಜಾವನ್ನು ಒಪ್ಪುವುದು. ಒಪ್ಪಿದ. ಆ ಪತ್ರದಲ್ಲಿ ಮರಿಯ ಥಿಯೊಟೋಕೋಸ್ ಎಂದೂ ಇದೆ, ಕ್ರಿಸ್ತನಲ್ಲಿ ಎರಡು ಸ್ವಭಾವಗಳ ಕೂಡಿಕೆ ಎಂದೂ ಇದೆ. ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಿದರು. ಇದೇ ಮಾತು ಎರಡು ವರ್ಷ ಮೊದಲು ಒಂದೇ ಮೇಜಿನಲ್ಲಿ ಆಗಿದ್ದರೆ!

435ರಲ್ಲಿ ಕಾನೂನು ಬಂತು: ಅವನ ಪುಸ್ತಕಗಳನ್ನು ಸುಡಬೇಕು, ಅವನ ಅನುಯಾಯಿಗಳನ್ನು ಕ್ರೈಸ್ತರೆನ್ನದೆ, ಮಾಂತ್ರಿಕ ಸೀಮೋನನ ಹೆಸರಿನಿಂದ ಸೀಮೋನಿಯರು ಎನ್ನಬೇಕು. ಏಳು ವರ್ಷದ ಹಿಂದೆ ಇನ್ನೊಬ್ಬರಿಗಾಗಿ ಹೊರಟಿದ್ದ ಕಾನೂನಿನ ತಮ್ಮನೇ ಇದು. ಅವನನ್ನು ಮಠದಿಂದಲೂ ಎಬ್ಬಿಸಿ ಈಜಿಪ್ಟಿನ ಮಹಾ ಓಯಸಿಸ್‌ಗೆ, ಇಂದಿನ ಖಾರ್ಗಕ್ಕೆ, ಗಡಿಪಾರು ಮಾಡಿದರು. ನೈಲ್ ನದಿಯಿಂದ ಪಶ್ಚಿಮಕ್ಕೆ ಮರಳುಗಾಡು ದಾಟಿ ಹಲವು ದಿನದ ದಾರಿ. ಅದೂ ಸಿರಿಲ್‌ನ ಸೀಮೆಯೇ.

ಅಲ್ಲಿ ಹದಿನೈದು ವರ್ಷದಷ್ಟು ಕಾಲ ಬದುಕಿದ. ಮರಳುಗಾಡಿನ ಬ್ಲೆಮಿ ಎಂಬ ಬುಡಕಟ್ಟಿನವರು ಓಯಸಿಸ್ ಕೊಳ್ಳೆ ಹೊಡೆದು ಜನರನ್ನು ಎಳೆದೊಯ್ದಾಗ ಮುದುಕ ನೆಸ್ತೋರಿಯಸ್ ಕೂಡ ಸೆರೆಸಿಕ್ಕ. ಆಮೇಲೆ ಅವರೇ, ಬೇರೆ ಗುಂಪು ಬರುತ್ತಿದೆ, ಬೇಗ ಇಲ್ಲಿಂದ ಹೋಗಿ ಎಂದು ಬಿಟ್ಟರು. ಆತ ನೈಲ್ ದಂಡೆಯ ಪಾನೊಪೊಲಿಸ್ ಸೇರಿದ. ಸೇರಿದವನೇ ಮಾಡಿದ ಮೊದಲ ಕೆಲಸ, ಪ್ರಾಂತದ ಅಧಿಕಾರಿಗೆ ಪತ್ರ ಬರೆದದ್ದು: ನಾನು ಓಡಿಬಂದವನಲ್ಲ, ಹೀಗೆ ಹೀಗೆ ಆಯಿತು, ನನ್ನನ್ನು ಗಡಿಪಾರಿನಿಂದ ತಪ್ಪಿಸಿಕೊಂಡವನೆಂದು ಬರೆಯಬೇಡಿ. ಜಾಮೀನಿನ ಷರತ್ತು ಮುರಿಯದ ಆಸಾಮಿ! ಅಧಿಕಾರಿ ಸೈನಿಕರನ್ನು ಕಳಿಸಿ ದಕ್ಷಿಣದ ಎಲಿಫಂಟೈನ್‌ಗೆ ಹೊರಡಿಸಿದ. ಅರ್ಧ ದಾರಿಯಲ್ಲಿ ವಾಪಸು ಬಾ ಎಂದು ಇನ್ನೊಂದು ಆಜ್ಞೆ. ಮರಳಿದರೆ ಮತ್ತೊಂದು ಊರಿಗೆ, ಅಲ್ಲಿಂದ ಮತ್ತೆಲ್ಲಿಗೋ. ದಾರಿಯಲ್ಲಿ ಬಿದ್ದು ಕೈಯೂ ಪಕ್ಕೆಯೂ ಜಜ್ಜಿದವು. ಎರಡನೆಯ ಪತ್ರದಲ್ಲಿ ಅದನ್ನೂ ಬರೆದಿದ್ದಾನೆ.

ಈ ಪತ್ರಗಳು ನಮಗೆ ಉಳಿದದ್ದು ಅವನ ವೈರಿಯ ಕೈಯಿಂದ. ಆರನೆಯ ಶತಮಾನದ ವಕೀಲ ಇವಾಗ್ರಿಯಸ್ ತನ್ನ ಇತಿಹಾಸದಲ್ಲಿ ಅವನ್ನು ಉದ್ಧರಿಸಿ, ದೇವರ ಶಿಕ್ಷೆ ನೋಡಿ ಎಂದು ಸಂತೋಷಪಡುತ್ತಾನೆ. ಕೊನೆಗೆ ನಾಲಿಗೆಗೆ ಹುಳ ಬಿದ್ದು ಸತ್ತನಂತೆ ಎಂಬುದನ್ನೂ ಸೇರಿಸುತ್ತಾನೆ. ಇನ್ನೊಬ್ಬ ಇತಿಹಾಸಕಾರ ಸಾಕ್ರಟೀಸ್, ಆ ದಿನಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲೇ ಇದ್ದವನು. ಅವನ ಹೆಸರಿಗೂ ವಕೀಲರಿಗೆ ಸಲ್ಲುವ ಸ್ಕೊಲಾಸ್ಟಿಕಸ್ ಎಂಬ ಬಿರುದು ಅಂಟಿದೆ. ನೆಸ್ತೋರಿಯಸ್‌ನನ್ನು ಇಷ್ಟಪಟ್ಟವನಲ್ಲ. ಆದರೂ ಬರಹಗಳನ್ನು ತಾನೇ ತರಿಸಿ ಓದಿ ತೂಗಿದ: ಜನ ಹೇಳುವಷ್ಟು ಪಾಷಂಡಿಯಲ್ಲ, ಓದು ಕಡಿಮೆ, ಜಂಬ ಹೆಚ್ಚು, ಒಂದು ಶಬ್ದಕ್ಕೆ ಮಕ್ಕಳು ಗುಮ್ಮನಿಗೆ ಹೆದರಿದಂತೆ ಹೆದರಿದ. ಇಷ್ಟು ಹತ್ತಿರದಿಂದ, ಇಷ್ಟು ಸಮಚಿತ್ತದಿಂದ ಬರೆದ ಇನ್ನೊಂದು ಟಿಪ್ಪಣಿ ಈ ಫೈಲಿನಲ್ಲಿಲ್ಲ.

ಗಡಿಪಾರಿನಲ್ಲಿ ಅವನು ಒಂದು ಪುಸ್ತಕ ಬರೆದ. ಗ್ರೀಕ್ ಮೂಲ ಉಳಿದಿಲ್ಲ. ಅದು ತನ್ನ ಹೆಸರಿನಲ್ಲಿ ಓಡಾಡುವುದು ಸಾಧ್ಯವಿಲ್ಲದ್ದರಿಂದ ‘ಹೆರಾಕ್ಲಿಡಿಸ್’ ಎಂಬ ಬೇರೆ ಹೆಸರು ಹೊದ್ದಿತು. ಆರನೆಯ ಶತಮಾನದಲ್ಲಿ ಸಿರಿಯಾಕ್ ಭಾಷೆಗೆ ಅನುವಾದವಾಯಿತು. ಗ್ರೀಕಿನಲ್ಲಿ ‘ಪ್ರಗ್ಮಾತೆಯಾ’ ಎಂದರೆ ಪ್ರಬಂಧ, ವ್ಯವಹಾರ ಎರಡೂ ಅರ್ಥವಿದೆ. ಅನುವಾದಕ ವ್ಯಾಪಾರ ಎಂಬರ್ಥ ಹಿಡಿದ. ಹೀಗಾಗಿ ಆ ತಪಸ್ವಿಯ ಕೊನೆಯ ಅಹವಾಲು ಇಂದು ವಿದ್ವಾಂಸರ ಬಾಯಲ್ಲಿ ‘ಹೆರಾಕ್ಲಿಡಿಸ್‌ನ ಬಜಾರು’! ಅದನ್ನು ಪರ್ಶಿಯಕ್ಕೆ ತಂದವನು ಅಲ್ಲಿನ ಚರ್ಚಿನ ಪೇಟ್ರಿಯಾರ್ಕ್ ಮಾರ್ ಅಬಾ ಎಂಬ ಹೇಳಿಕೆಯಿದೆ. ಆ ಮಾರ್ ಅಬಾನೇ ಕಲ್ಲಿಯಾನದ ಸುದ್ದಿ ಬರೆದ ನಮ್ಮ ಕಾಸ್ಮಸ್‌ಗೆ ಅಲೆಕ್ಸಾಂಡ್ರಿಯದಲ್ಲಿ ಪಾಠ ಹೇಳಿದವನು. ಈ ಗಂಟು ಬಿಚ್ಚಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟರ್ಕಿಯ ಹಕ್ಕಾರಿ ಬೆಟ್ಟಗಳ ಕೋಚನಿಸ್ ಎಂಬಲ್ಲಿ ಪೇಟ್ರಿಯಾರ್ಕರ ಮನೆಯಲ್ಲಿ ಉಳಿದಿದ್ದ ಪ್ರತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯಾರೋ ನಕಲು ಮಾಡಿಸಿದರು. 1910ರಲ್ಲಿ ಅಚ್ಚಾಯಿತು. 1915ರಲ್ಲಿ ಆ ಊರೇ ಖಾಲಿಯಾಯಿತು. ನಕಲು ತೆಗೆಸಿದವರ ಹೊಟ್ಟೆ ತಣ್ಣಗಿರಲಿ. ಸುಡಬೇಕೆಂದು ಆಜ್ಞೆಯಾಗಿ ಸುಮಾರು ಒಂದೂವರೆ ಸಾವಿರ ವರ್ಷವಾದ ಮೇಲೆ ಪ್ರತಿವಾದಿಯ ಲಿಖಿತ ಹೇಳಿಕೆ ಕೊನೆಗೂ ಕಡತ ಸೇರಿತು.

ಅದರ ಕೊನೆಯ ಭಾಗದಲ್ಲಿ ಒಂದು ಜಾಗವಿದೆ. 449ರ ಹೊತ್ತಿಗೆ ಜಗಳ ಮತ್ತೆ ಹೊತ್ತಿಕೊಂಡಿತ್ತು. ಕಾನ್‌ಸ್ಟಾಂಟಿನೋಪಲ್‌ನ ಇನ್ನೊಬ್ಬ ಪೇಟ್ರಿಯಾರ್ಕ್ ಫ್ಲೇವಿಯನ್ ಅಂಥದೇ ಸಭೆಯಲ್ಲಿ, ಅದೇ ಎಫೆಸಸ್‌ನಲ್ಲಿ, ಪೀಠ ಕಳೆದುಕೊಂಡು ಜೀವವನ್ನೂ ಕಳೆದುಕೊಂಡ. ರೋಮಿನ ಪೋಪ್ ಲಿಯೋ ಆತನ ಪರ ನಿಂತು ಬರೆದ ಪತ್ರ ಮರಳುಗಾಡಿನ ಮುದುಕನಿಗೂ ತಲುಪಿತು. ಓದಿದರೆ, ತಾನು ಹೇಳಹೊರಟದ್ದೇ ಅಲ್ಲಿದೆ ಎನಿಸಿತು. ಲಿಯೋಗೆ ಬರೆ ಎಂದು ಹಲವರು ಒತ್ತಾಯಿಸಿದರು. ಆತ ಬರೆಯಲಿಲ್ಲ. ತನ್ನ ಹೆಸರು ಅಂಟಿದರೆ ಲಿಯೋನ ಮಾತಿಗೇ ಮಸಿ ಹತ್ತುತ್ತದೆ. ನನ್ನನ್ನು ಶಪಿಸುವವರು ಶಪಿಸಲಿ, ನಿಜ ಗೆದ್ದರೆ ಸಾಕು ಎಂಬ ನಿಲುವು. ಪೀಠವೇರಿದ ಐದನೆಯ ದಿನ ಬೆಂಕಿಗೆ ಕಾರಣನಾದವನು ಇವನೇ ಎಂದು ನಂಬುವುದು ಕಷ್ಟ.

450ರ ಜುಲೈಯಲ್ಲಿ ಚಕ್ರವರ್ತಿ ಕುದುರೆಯಿಂದ ಬಿದ್ದು ಸತ್ತ. 451ರಲ್ಲಿ ಕಾಲ್ಸಿಡಾನ್ ಮಹಾಸಭೆ ಸೇರಿ, ಲಿಯೋನ ಪತ್ರವನ್ನು ಒಪ್ಪಿ, ಕ್ರಿಸ್ತನಲ್ಲಿ ಎರಡು ಸ್ವಭಾವ, ವ್ಯಕ್ತಿ ಒಬ್ಬನೇ ಎಂದು ಘೋಷಿಸಿತು. ಅದೇ ಉಸಿರಿನಲ್ಲಿ ನೆಸ್ತೋರಿಯಸ್‌ನನ್ನು ಇನ್ನೊಮ್ಮೆ ಶಪಿಸಿತು. ಆ ಹೊತ್ತಿಗೆ ಆತ ಸತ್ತಿದ್ದ, ಅಥವಾ ಸಾವಿನ ಹಾಸಿಗೆಯಲ್ಲಿದ್ದ.

ಪರ್ಶಿಯದ ಚರ್ಚನ್ನು ಅವನು ಸ್ಥಾಪಿಸಲಿಲ್ಲ. ಅದು 424ರಲ್ಲೇ, ಅಂದರೆ ಅವನು ಪೀಠವೇರುವ ಮೊದಲೇ, ಪಶ್ಚಿಮದ ಪೀಠಗಳ ಹಂಗಿಲ್ಲವೆಂದು ಹೇಳಿಕೊಂಡಿತ್ತು. ಅಲ್ಲಿನವರು ಅವನನ್ನು ಕಂಡವರಲ್ಲ, ಅವನ ಗುರುಗಳನ್ನು ಓದಿದವರು. ಆ ಚರ್ಚು ಚೀನಾದವರೆಗೆ ಹೋಯಿತು, ಮಲಬಾರಿಗೆ ಬಿಷಪರನ್ನು ಕಳಿಸಿತು. 1599ರಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜೆಸ್ ಕೊಚ್ಚಿಯ ಬಳಿಯ ಉದಯಂಪೇರೂರಿನಲ್ಲಿ ಸಭೆ ಕರೆದು ಅಲ್ಲಿನ ಸಿರಿಯಾಕ್ ಪುಸ್ತಕಗಳನ್ನು ತಿದ್ದಿಸಿದ, ಸುಡಿಸಿದ. ಎಫೆಸಸ್‌ನ ಡಿಕ್ರಿಯ ಜಾರಿ ಕೇರಳದ ತೆಂಗಿನ ತೋಟದವರೆಗೂ ಬಂದದ್ದು ಹೀಗೆ.

ಹೋದ ವರ್ಷ ತ್ರಿಶೂರಿಗೆ ಹೋಗಿದ್ದೆ. ಪೂರ್ವದ ಆ ಹಳೆಯ ಚರ್ಚಿನ ಒಂದು ಶಾಖೆ ಅಲ್ಲಿ ಇಂದಿಗೂ ಇದೆ, ಕಲ್ದಾಯ ಸಿರಿಯನ್ ಚರ್ಚ್. ವರ್ಷಕ್ಕೊಂದು ಶುಕ್ರವಾರ ಅವರು ಗ್ರೀಕ್ ಗುರುಗಳನ್ನು ನೆನೆಯುತ್ತಾರೆ. ಆ ಗುರುಗಳಲ್ಲಿ ಮಾರ್ ನೆಸ್ತೋರಿಯಸ್ ಒಬ್ಬ. ಅವನ ಹೆಸರಿನ ಪೂಜಾವಿಧಿಯನ್ನೂ ವರ್ಷದ ಕೆಲವೇ ದಿನ ಬಳಸುತ್ತಾರೆ. ಬಿಸಿಲಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಆ ದೊಡ್ಡ ಇಗರ್ಜಿಯ ಮುಂದೆ ನಿಂತು, ಇದು ಯಾರ ಹೆಸರಿನದು ಎಂದು ಕಾವಲಿನವರನ್ನು ಕೇಳಿದೆ. ಮಾರ್ತ್ ಮರಿಯಮ್ ಎಂದರು. ಮರಿಯಮ್ಮನವರದೇ.

ಫೈಲು ಕಟ್ಟುವ ಮೊದಲು ನನ್ನ ಟಿಪ್ಪಣಿ: ದಾವೆಯ ಸತ್ಯಾಸತ್ಯ ನಾನು ಹೇಳಲಾರೆ, ಅದು ಭಕ್ತರದೂ ಪಂಡಿತರದೂ ಪಾಲು. ವಿಚಾರಣೆ ಮಾತ್ರ ಕ್ರಮಬದ್ಧವಲ್ಲ. ಜೂನ್ 22ರ ಆದೇಶವನ್ನು ಬದಿಗಿರಿಸಿ ಮರುವಿಚಾರಣೆಗೆ ಹಿಂದಿರುಗಿಸತಕ್ಕದ್ದು.

1994ರ ನವೆಂಬರ್ 11ರಂದು ರೋಮಿನಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಮತ್ತು ಪೂರ್ವದ ಚರ್ಚಿನ ಪೇಟ್ರಿಯಾರ್ಕ್ ನಾಲ್ಕನೆಯ ಮಾರ್ ದಿನ್‌ಖಾ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವಮಾತೆ ಎಂದರೂ ಸರಿ, ಕ್ರಿಸ್ತಮಾತೆ ಎಂದರೂ ಸರಿ, ಎರಡರ ಹಿಂದಿನ ನಂಬಿಕೆ ಒಂದೇ ಎಂದು ಅದರಲ್ಲಿದೆ. ನೆಸ್ತೋರಿಯಸ್‌ನ ಹೆಸರು ಅದರಲ್ಲಿಲ್ಲ.